ಈಶಾನ್ಯ ಮೂಲೆಯ ಬೋರು

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಬೋರಿಗೆ ಪಾಯಿಂಟ್ ಮಾಡಲು ನೀರು ನೋಡುವವರು ಬಂದಿದ್ದರು. ಸುಲಿದ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಅವರು ಮುಂದೆ ಮುಂದೆ ನಡೆದರೆ, ಹಿಂದೆ ಹಿಂದೆ ಮೂವತ್ತು ಮಂದಿ ಎಂಜಿನಿಯರುಗಳು. ಅವರಲ್ಲಿ ಇಬ್ಬರು ಕೃತಕ ಬುದ್ಧಿಮತ್ತೆಯವರು, ಒಬ್ಬರು ಉಪಗ್ರಹದವರು. ಜನರೇಟರ್ ಪಕ್ಕದ ಈಶಾನ್ಯ ಮೂಲೆಗೆ ಬಂದದ್ದೇ ಕಾಯಿ ದಿಗ್ಗನೆ ಎದ್ದು ನಿಂತಿತು. ಮೊದಲು ಚಪ್ಪಾಳೆ ತಟ್ಟಿದ್ದು ಉಪಗ್ರಹದವರೇ.

"ಎಷ್ಟು ಅಡಿಗೆ ಸಿಗುತ್ತೆ ಸ್ವಾಮಿ?" ಅಧ್ಯಕ್ಷರು ಕೈ ಮುಗಿದು ಕೇಳಿದರು.

"ಮುನ್ನೂರಕ್ಕೆ ಒಂದು ಸೆಲೆ ಇದೆ. ಅಲ್ಲಿ ಸಿಗಲಿಲ್ಲ ಅಂದ್ರೆ ಎಂಟ್ನೂರಕ್ಕೆ. ಅಲ್ಲೂ ಇಲ್ಲ ಅಂದ್ರೆ ಈಗ ಯಾರೋ ಚಪ್ಪಲಿ ಹಾಕ್ಕೊಂಡು ಬಂದಿದ್ದೀರಿ."

ಎಲ್ಲರೂ ತಂತಮ್ಮ ಕಾಲು ನೋಡಿಕೊಂಡೆವು. ಎಂದೂ ಸುಳ್ಳಾಗಲಾರದ ಇಂಥ ಶಾಸ್ತ್ರದೆದುರು ಜಲವಿಜ್ಞಾನಿಗಳ ಪಾಡು ನೆನೆದರೆ ಅಯ್ಯೋ ಅನಿಸುತ್ತದೆ. ಅವರು ಪಾಪ, ಅರ್ಕಾವತಿ ಯಾಕೆ ಬತ್ತಿತು ಎಂದು ಹುಡುಕಲು ಹೊರಟವರು.

ಬೆಂಗಳೂರಿಗರಿಗೆ ಅರ್ಕಾವತಿ ಎಂದರೆ ಬಿಡಿಎ ಬಡಾವಣೆ. ಆ ಹೆಸರಿನ ನದಿಯೂ ಇದೆ. ನಂದಿಬೆಟ್ಟದಲ್ಲಿ ಹುಟ್ಟಿ, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿ ಸೇರುತ್ತದೆ. 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಅದನ್ನು ಹಿಡಿದು ಈ ಊರು ದಶಕಗಟ್ಟಲೆ ಕುಡಿಯಿತು. 1975ಕ್ಕೆ ಮೊದಲು ಆ ಜಲಾಶಯಕ್ಕೆ ದಿನಕ್ಕೆ 38.5 ಕೋಟಿ ಲೀಟರ್ ಹರಿದು ಬರುತ್ತಿದ್ದದ್ದು 6.5 ಕೋಟಿಗೆ ಇಳಿಯಿತು. ಉಳಿದದ್ದನ್ನು ಕದ್ದವರು ಯಾರು?

ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು ಪತ್ತೇದಾರಿ ಕಾದಂಬರಿಯ ಹಾಗೆ ಶಂಕಿತರನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಿಸಿ, 2015ರಲ್ಲಿ ಪ್ರಬಂಧ ಪ್ರಕಟಿಸಿದರು. ಮೊದಲ ಶಂಕಿತ ಮಳೆ. ಲೆಕ್ಕ ತೆಗೆದರೆ, ಹೊಳೆ ಒಣಗಿಸುವಷ್ಟೇನೂ ಅದು ಕಮ್ಮಿಯಾಗಿರಲಿಲ್ಲ. ಖುಲಾಸೆ. ಬಿಸಿಲ ಝಳದ ಮೇಲೂ ಸಾಕ್ಷ್ಯ ಸಾಲಲಿಲ್ಲ. ಸಿಕ್ಕಿಬಿದ್ದವರು ಬೋರ್‌ವೆಲ್ ಮತ್ತು ನೀಲಗಿರಿ ತೋಪು. ಹಳ್ಳಗಳಿಗೆ ಅಡ್ಡ ಕಟ್ಟಿದ ಒಡ್ಡು, ಚೆಕ್ ಡ್ಯಾಮುಗಳದು ಸಣ್ಣ ಕೈವಾಡ.

ಕೃತ್ಯ ನಡೆದ ಬಗೆ ಹೀಗೆ: ಮಳೆಗಾಲ ಮುಗಿದ ಮೇಲೂ ಹೊಳೆ ಹರಿಯುತ್ತಿದ್ದರೆ ಅದು ಮೋಡದ ದಯೆಯಲ್ಲ, ಅಕ್ಕಪಕ್ಕದ ನೆಲದಿಂದ ಒಸರುವ ನೀರು. ಅಂತರ್ಜಲ ಹೊಳೆಯ ತಳಕ್ಕಿಂತ ಮೇಲಿರುವಷ್ಟು ದಿನ ನೆಲ ಹೊಳೆಗೆ ಕೊಡುತ್ತದೆ. ಕೆಳಗಿಳಿಯಿತೋ, ಹೊಳೆಯಲ್ಲಿ ಬಂದದ್ದನ್ನೂ ನೆಲವೇ ಕುಡಿದುಬಿಡುತ್ತದೆ. ನಮ್ಮ ಸೀಮೆಯ ಅಡಿಯಲ್ಲಿರುವುದು ಗಟ್ಟಿ ಕಲ್ಲು. ನೀರು ನಿಲ್ಲುವುದು ಅದರ ಮೇಲಿನ ಸವೆದ ಪದರದಲ್ಲಿ, ಕಲ್ಲಿನ ಬಿರುಕುಗಳಲ್ಲಿ. ಪಾತಾಳದಲ್ಲಿ ಗಂಗಮ್ಮ ಸಂಪು ಕಟ್ಟಿಸಿಕೊಂಡು ಕೂತಿಲ್ಲ. ಇನ್ನು ನೀಲಗಿರಿಯ ಬಗ್ಗೆ ಹೇಳುವುದಾದರೆ, ಅದು ಸರ್ಕಾರವೇ ಸಾಮಾಜಿಕ ಅರಣ್ಯವೆಂದು ನೆಡಿಸಿ, ಸರ್ಕಾರವೇ 2017ರಲ್ಲಿ ಹೊಸದಾಗಿ ನೆಡಬೇಡಿ ಎಂದ ಮರ.

ಅರ್ಕಾವತಿ ಬಡಾವಣೆಯ ಡಿನೋಟಿಫಿಕೇಶನ್ ತನಿಖೆಗೆ 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗ ರಚನೆಯಾಯಿತು. ನದಿಗೆ ಸಿಕ್ಕಿದ್ದು ಒಂದು ಸಂಶೋಧನಾ ಪ್ರಬಂಧ. ಸರಿಯೇ ಇದೆ. ನಿವೇಶನಕ್ಕಾದರೆ ಖಾತೆ ಇರುತ್ತದೆ, ನದಿಗೆ ಏನಿದೆ?

ನದಿಯ ಕೇಸಿನ ತೀರ್ಪು ಬಂದ ಮೇಲೆ ನಾವು ಮಾಡಿದ್ದೇನು? ಖುಲಾಸೆಯಾದವನನ್ನೇ ಮತ್ತೆ ಮತ್ತೆ ಠಾಣೆಗೆ ಕರೆಸಿದೆವು. 2017ರಲ್ಲಿ ಜಕ್ಕೂರಿನಿಂದ 'ವರ್ಷಧಾರೆ' ವಿಮಾನ ಹಾರಿಸಿ ಮೋಡದ ಮೇಲೆ ಬಿತ್ತನೆ ಮಾಡಿಸಿದೆವು. 2019ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ಪರ್ಜನ್ಯ ಹೋಮ ಮಾಡಿಸಲು ಸರ್ಕಾರಿ ಆದೇಶವೇ ಹೊರಟಿತು. ಅಪರಾಧಿ ಬೋರ್‌ವೆಲ್ ಮಾತ್ರ ದಿನಕ್ಕಿಷ್ಟು ಅಡಿ ಆಳಕ್ಕೆ ತಲೆಮರೆಸಿಕೊಳ್ಳುತ್ತ ಹೋಯಿತು. 2024ರ ಮಾರ್ಚಿನಲ್ಲಿ ಬೆಂಗಳೂರಿನ 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಕೆಲಸ ಮಾಡುತ್ತಿಲ್ಲವೆಂದು ಸರ್ಕಾರವೇ ಹೇಳಿತು. ಉಪಮುಖ್ಯಮಂತ್ರಿಗಳ ಮನೆಯ ಬೋರೂ ಬತ್ತಿತ್ತು. ಸಮಾಜವಾದ ಕೊನೆಗೂ ಬಂತು, ಪಾತಾಳದ ಕಡೆಯಿಂದ.

ಇಷ್ಟೆಲ್ಲ ಅಧ್ಯಕ್ಷರ ಕಿವಿಗೆ ಹಾಕಿದೆ. ಅವರಿಗೆ ಹಿಡಿಸಲಿಲ್ಲ. "ಅದೆಲ್ಲ ನದಿ ವಿಷಯ ಸಾರ್, ನಮ್ದು ಬೋರು" ಎಂದರು. ಕೊನೆಯ ಅಸ್ತ್ರವಾಗಿ ಧ್ರುವದ ಸುದ್ದಿ ತೆಗೆದೆ. ದಕ್ಷಿಣ ಕೊರಿಯಾದ ಕಿ-ವಿಯೋನ್ ಸಿಯೋ ಅವರ ತಂಡ 2023ರಲ್ಲಿ ಹೇಳಿದ್ದು: 1993ರಿಂದ 2010ರವರೆಗೆ ಮನುಷ್ಯರು ನೆಲದಿಂದ ಎತ್ತಿದ ನೀರು ಸುಮಾರು 2.15 ಲಕ್ಷ ಕೋಟಿ ಟನ್. ಅದು ಕಡಲು ಸೇರಿ, ಭೂಮಿಯ ಮೇಲಿನ ಭಾರದ ಹಂಚಿಕೆ ಏರುಪೇರಾಗಿ, ಭೂಮಿ ಸುತ್ತುವ ಧ್ರುವವೇ ಸುಮಾರು 80 ಸೆಂಟಿಮೀಟರ್ ಪೂರ್ವಕ್ಕೆ ವಾಲಿತು. ಈ ಪುಣ್ಯದಲ್ಲಿ ದೊಡ್ಡ ಪಾಲು ವಾಯವ್ಯ ಭಾರತದ್ದು ಮತ್ತು ಪಶ್ಚಿಮ ಉತ್ತರ ಅಮೆರಿಕದ್ದು. ನಮ್ಮದೂ ಅಳಿಲು ಸೇವೆ ಇದ್ದೇ ಇರುತ್ತದೆ.

ಅಧ್ಯಕ್ಷರು ಥಟ್ಟನೆ ನಿಂತರು. "ಏನಂದ್ರಿ? ಧ್ರುವ ಪೂರ್ವಕ್ಕೆ ಸರಿದಿದೆಯಾ?"

"ಹೌದು."

"ಅಂದ್ರೆ ಈಶಾನ್ಯಾನೂ ಸರಿದಿರಬೇಕಲ್ವಾ! ಅದಕ್ಕೇ ಸಾರ್ ಹಳೇ ಎರಡು ಬೋರು ಬತ್ತಿದ್ದು. ತಪ್ಪು ಈಶಾನ್ಯದಲ್ಲಿ ಕೊರೆಸಿಬಿಟ್ಟಿದ್ದೀವಿ."

ನನ್ನನ್ನು ಅಲ್ಲೇ ತಾಂತ್ರಿಕ ಸಲಹೆಗಾರನನ್ನಾಗಿ ನೇಮಿಸಿದರು. ಟೇಪು ಹಿಡಿದು ಕಾಯಿ ನಿಂತ ಜಾಗದಿಂದ 80 ಸೆಂಟಿಮೀಟರ್ ಅಳೆದು ಸುಣ್ಣದ ಗುರುತು ಹಾಕಿಸಿದರು.

ರಾತ್ರಿ ರಿಗ್ ಲಾರಿ ಬಂತು, ತಮಿಳುನಾಡಿನ ತಿರುಚೆಂಗೋಡಿನದು. ಕಾವೇರಿ ನೀರಿಗೆ ತಮಿಳುನಾಡಿನ ಜೊತೆ ಜಗಳ, ಕನ್ನಡ ನೆಲಕ್ಕೆ ತೂತು ಹಾಕಲು ಅವರದೇ ಲಾರಿ! ಹಿಂದಿನ ಬಂದ್‌ನಲ್ಲಿ ಬಾವುಟ ಹಿಡಿದಿದ್ದ ನಮ್ಮ ಖಜಾಂಚಿಯೇ ಡ್ರೈವರಿಗೆ ಫಿಲ್ಟರ್ ಕಾಫಿ ಕೊಟ್ಟರು. ಬೆಳಗಿನ ಜಾವದ ಹೊತ್ತಿಗೆ 1,350 ಅಡಿ ಆಯಿತು. ಬಂದದ್ದು ಬರೀ ಕಲ್ಲಿನ ಹಿಟ್ಟು. ಅದು ಕಾರು, ಕಿಟಕಿ, ತುಳಸಿಕಟ್ಟೆಗಳ ಮೇಲೆ ಬೆಳ್ಳಗೆ ಕೂತಿತ್ತು.

ತೊಳೆಯಲು ಎರಡು ಟ್ಯಾಂಕರ್ ನೀರು ತರಿಸಿದೆವು.