ಸರದಿ ಮೇಷ್ಟ್ರು

ಮದುವೆಮನೆಯ ಊಟದ ಹಾಲ್‌ ಬಾಗಿಲಲ್ಲಿ ನಿಂತು "ನೀವು ಎರಡನೇ ಪಂಕ್ತಿ" ಎಂದು ಯಾರೂ ಕೇಳದೆಯೇ ವ್ಯವಸ್ಥೆ ಮಾಡುವವರೊಬ್ಬರು ಇರುತ್ತಾರಲ್ಲ, ನಮ್ಮ ಶನಿವಾರ ರಾತ್ರಿಯ ಆನ್‌ಲೈನ್ ಆಟದಲ್ಲಿ ಆ ಹುದ್ದೆ ಮೇಷ್ಟ್ರದು. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ಅದನ್ನು ನಡೆಸುವವರಿಗೆ ಡಂಜನ್ ಮಾಸ್ಟರ್ ಅನ್ನುತ್ತಾರೆ. ನಮ್ಮ ಬಾಯಲ್ಲಿ ಮಾಸ್ಟರ್ ಮೇಷ್ಟ್ರಾದರು. ಹಾಜರಿ ಕರೆಯುವ ಚಟ ಅವರಿಗೆ ಮೊದಲೇ ಇತ್ತು.

ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರಂಥವರ ಜೊತೆ ಕಾಳಗ ಶುರುವಾದರೆ ಎಲ್ಲರೂ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಬಿದ್ದ ಸಂಖ್ಯೆಗೆ ಪಾತ್ರದ ಚುರುಕುತನದ ಅಂಕ ಕೂಡಿಸಿದರೆ ಅದೇ 'ಇನಿಶಿಯೇಟಿವ್'. ಹೆಚ್ಚು ಬಂದವರು ಮೊದಲು. ಕತೆಯೊಳಗೆ ಒಂದು ಸುತ್ತಿಗೆ 6 ಸೆಕೆಂಡು. ನಮ್ಮಲ್ಲಿ ಮುಕ್ಕಾಲು ಗಂಟೆ.

"ಲೋ, ನಿಂದು ಕಣೋ."

"ನಂದಾ? ಗಾಬ್ಲಿನ್‌ದಲ್ವಾ?"

"ಗಾಬ್ಲಿನ್ ಸತ್ತು ಹತ್ತು ನಿಮಿಷ ಆಯ್ತು ಗುರು!"

ಅಷ್ಟರಲ್ಲಿ ಡಬ್ಲಿನ್‌ನಲ್ಲಿರುವ ಹುಡುಗ ತನ್ನ ಇಡೀ ಯುದ್ಧತಂತ್ರವನ್ನು ಮ್ಯೂಟ್‌ನಲ್ಲೇ ವಿವರಿಸಿ ಮುಗಿಸಿರುತ್ತಾನೆ.

ಸರದಿಯ ಪಟ್ಟಿ ಪರದೆಯ ಮೂಲೆಯಲ್ಲೇ ಇರುತ್ತದೆ. ಆದರೆ ನೋಡುವವರಾರು? ಒಬ್ಬ ಕ್ರಿಕೆಟ್ ಸ್ಕೋರ್ ನೋಡುತ್ತಿರುತ್ತಾನೆ, ಇನ್ನೊಬ್ಬ ಬಿರಿಯಾನಿ ಆರ್ಡರ್ ಮಾಡುತ್ತಿರುತ್ತಾನೆ. ಮೇಷ್ಟ್ರು ಬಿಡುವ ಪೈಕಿ ಅಲ್ಲ. ಮೊದಲು ಎಕ್ಸೆಲ್ ಬಂತು: ಈಗಿನವರಿಗೆ ಹಸಿರು, ಮುಂದಿನವರಿಗೆ ಹಳದಿ, ಒಂದೂವರೆ ನಿಮಿಷ ಸುಮ್ಮನಿದ್ದವರಿಗೆ ಕೆಂಪು. ಎರಡೇ ವಾರದಲ್ಲಿ ಹಾಳೆಗೆ ಹಾಳೆಯೇ ಕೆಂಪಾಯಿತು. ಆಮೇಲೆ ಎಂಟು ಗಾಬ್ಲಿನ್‌ಗಳಿಗೂ ಸೇರಿಸಿ ಒಂದೇ ದಾಳ ಹಾಕಿದರು. ಎಂಟು ಸರದಿ ಒಂದಾಯಿತು. ಸ್ವಲ್ಪ ಉಸಿರು ಬಂತು. ಆ ಹುಮ್ಮಸ್ಸಿನಲ್ಲಿ, ಪ್ರತಿ ಸರದಿಗೂ ಪೂಜೆಯ ಗಂಟೆ ಬಾರಿಸುವ ಏರ್ಪಾಡು ಮಾಡಿದರು.

ನನ್ನ ಲ್ಯಾಪ್‌ಟಾಪ್‌ನಲ್ಲಿ ಗಂಟೆ ಬಾರಿಸಿದ್ದೇ ತಡ, ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದರು. "ಇಷ್ಟೊತ್ತಲ್ಲಿ ಯಾರ ಮನೇಲೋ ಮಂಗಳಾರತಿ?"

ನಾನು ವಿವರಿಸಿದೆ. ಅಮ್ಮ ಬಟಾಣಿ ಬಿಡಿಸುತ್ತಾ ಅಲ್ಲೇ ಕೂತರು. ಮೂರನೇ ಸುತ್ತಿನ ಹೊತ್ತಿಗೆ ಮೈಕಿನಲ್ಲಿ ಅವರದೇ ದನಿ: "ಬಿಲ್ಲಿನವಂದು ಆಯ್ತು. ಈಗ ಡಬ್ಲಿನ್ ಹುಡುಗಂದು. ಅದಾದ್ಮೇಲೆ ನಿಂದು ಕಣೋ, ಈಗ್ಲೇ ಯೋಚ್ನೆ ಮಾಡ್ಕೊ."

ಆ ಸುತ್ತು ಹನ್ನೆರಡು ನಿಮಿಷಕ್ಕೆ ಮುಗಿಯಿತು. ಹಳದಿ ಬಣ್ಣ ಇಷ್ಟು ದಿನ ಹೇಳುತ್ತಿದ್ದದ್ದೂ ಅದನ್ನೇ; ಆದರೆ ಹಳದಿ ಬಣ್ಣಕ್ಕೆ ಹೆದರಿದವರಿಲ್ಲ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಅಮ್ಮಾ, ಮುಂದಿನ ಶನಿವಾರ ಎಂಟು ಗಂಟೆಗೆ ಬಿಡುವಾಗಿದ್ದೀರಾ?"

"ಒಂಬತ್ತರವರೆಗೂ ನನ್ನ ಧಾರಾವಾಹಿ ಇದೆಯಪ್ಪ," ಅಂದರು ಅಮ್ಮ, ಬಟಾಣಿ ಸಿಪ್ಪೆ ಒಟ್ಟುಮಾಡುತ್ತಾ. "ಅದಾದ್ಮೇಲೆ ನಿಮ್ಮ ಸರದಿ."