ಗಾಡಾ ದತ್ತಾಂಶ ಮೀಮಾಂಸೆ: ಗಳಗನಾಥ ಸೀಮೆಯ ಎತ್ತುಗಳಿಗೆ ಡೇಟಾ ಲಾಗರ್ ಆರಿಸುವ ಶಾಸ್ತ್ರ

ಮೋಟಾರು ಕ್ರೀಡೆಯ ಪರಿಭಾಷೆಯಲ್ಲಿ ಡೇಟಾ ಲಾಗರ್ ಎಂದು ಪ್ರಸಿದ್ಧವಾದ ಉಪಕರಣವು, ಓಡುವ ವಾಹನ ಯಾವ ಕ್ಷಣದಲ್ಲಿ ಎಲ್ಲಿತ್ತು, ಎಷ್ಟು ವೇಗದಲ್ಲಿತ್ತು, ಯಾವ ಮಗ್ಗುಲಿಗೆ ವಾಲಿತ್ತು ಎಂಬುದನ್ನೆಲ್ಲ ಬರೆದಿಟ್ಟುಕೊಂಡು, ಓಟ ಮುಗಿದ ಮೇಲೆ ಚಾಲಕನು ಹೇಳುವ ಕಥೆಗೆ ಎದುರಾಗಿ ತನ್ನದೇ ಒಂದು ಕಥೆಯನ್ನು ಹೇಳುವ ಸಣ್ಣ ಪೆಟ್ಟಿಗೆಯಾಗಿದೆ. ಇದರ ಮೂಲ ನೆಲೆ ‘ಟ್ರ್ಯಾಕ್ ಡೇ’ ಎಂಬ ಆಚರಣೆಯಲ್ಲಿದ್ದು, ಟ್ರ್ಯಾಕ್ ಡೇ ಎಂದರೆ ಸ್ವಂತ ಕಾರು ಅಥವಾ ಬೈಕು ಉಳ್ಳವರು ಶುಲ್ಕ ತೆತ್ತು, ರೇಸಿಗೆಂದೇ ಕಟ್ಟಿದ ಪಥದಲ್ಲಿ, ಯಾರೊಡನೆಯೂ ಪಂದ್ಯ ಕಟ್ಟದೆ, ಹೊರಟಲ್ಲಿಗೇ ಮತ್ತೆ ಮತ್ತೆ ಬಂದು ಸೇರುವ ದಿನವೆಂದು ತಿಳಿಯತಕ್ಕದ್ದು. ಕರ್ನಾಟಕದ ಆಸಕ್ತರು ಇದಕ್ಕಾಗಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗುವುದುಂಟು. ನೂರಾರು ಕಿಲೋಮೀಟರ್ ಹೋಗಿ, ಇರುಂಗಾಟ್ಟುಕೋಟೈಯಾದರೆ ಸುಮಾರು 3.7 ಕಿಲೋಮೀಟರಿನ ಒಂದು ಸುತ್ತಿನಲ್ಲಿ ಅರ್ಧ ಸೆಕೆಂಡು ಉಳಿಸಿ, ಮತ್ತೆ ನೂರಾರು ಕಿಲೋಮೀಟರ್ ಹಿಂದಿರುಗುವ ಈ ವ್ಯವಹಾರದ ಲಾಭನಷ್ಟವು ಅರ್ಥಶಾಸ್ತ್ರಕ್ಕೆ ಸೇರಿದ್ದರಿಂದ ಇಲ್ಲಿ ಕೈಬಿಡಲಾಗಿದೆ.

ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದ ಸುತ್ತಣ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಈ ಆಚರಣೆಗೆ ಅತ್ಯಂತ ಸಮೀಪದ ರೂಪವೆಂದರೆ ಖಾಲಿ ಗಾಡಾ ಓಡಿಸುವ ಸ್ಪರ್ಧೆ. ಹೇರು ಹಾಕದ ಹಗುರ ಬಂಡಿಗೆ ಜೋಡಿ ಎತ್ತು ಹೂಡಿ, ಸಾಮಾನ್ಯವಾಗಿ ಒಂದು ನಿಮಿಷದ ಅವಧಿಯಲ್ಲಿ ಯಾವ ಜೋಡಿ ಹೆಚ್ಚು ದೂರ ಓಡಿತೆಂದು ಅಡಿಗಳಲ್ಲಿ ಅಳೆಯುವುದು ಇದರ ಕ್ರಮ. ಕಾರಿನ ಪಥದಲ್ಲಿ ದೂರ ಸ್ಥಿರ, ಕಾಲ ಚರ. ಗಾಡಾದ ಅಖಾಡದಲ್ಲಿ ಕಾಲ ಸ್ಥಿರ, ದೂರ ಚರ. ಈ ಒಂದು ವ್ಯತ್ಯಾಸವನ್ನು ಗಮನಿಸದೆ ಲಾಗರ್ ಕೊಂಡವರು ಮುಂದೆ ಬಹಳ ವ್ಯಸನಪಡಬೇಕಾಗುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟು ಇಂಥ ಓಟಗಳನ್ನು ನಿಲ್ಲಿಸಿದ್ದೂ, 2017ರಲ್ಲಿ ರಾಜ್ಯವು ಪ್ರಾಣಿಹಿಂಸೆ ತಡೆ ಕಾಯಿದೆಗೆ ತಿದ್ದುಪಡಿ ತಂದು ಕರಾವಳಿಯ ಕೋಣಗಳ ಓಟವಾದ ಕಂಬಳಕ್ಕೂ ಎತ್ತಿನಗಾಡಿ ಓಟಕ್ಕೂ ಅವಕಾಶ ಮಾಡಿಕೊಟ್ಟದ್ದೂ, 2023ರ ಮೇ 18ರಂದು ಸಂವಿಧಾನ ಪೀಠವು ಅದನ್ನು ಎತ್ತಿಹಿಡಿದದ್ದೂ ಸರ್ವವಿದಿತವಾಗಿದ್ದು, ಇವುಗಳಲ್ಲಿ ಎಲ್ಲಿಯೂ ಲಾಗರಿನ ಪ್ರಸ್ತಾಪ ಬಾರದಿರುವುದರಿಂದ ವಿದ್ವಾಂಸರ ಪಾಲಿಗೆ ಕ್ಷೇತ್ರವು ಮುಕ್ತವಾಗಿದೆ.

ಮೊದಲು ನಾಮವಿಚಾರ. ಲಾಗರ್ ಎಂಬುದನ್ನು ‘ದತ್ತಾಂಶಲೇಖಕ’ ಎಂದು ಅನುವಾದಿಸುವವರು, ಲೇಖಕನೆಂದರೆ ಕಲ್ಪಿಸಿ ಬರೆಯುವವನೆಂಬ ರೂಢಾರ್ಥವನ್ನು ಮರೆಯುತ್ತಾರೆ. ಊರಿನ ಜಮೀನು, ಕಂದಾಯ, ಬೆಳೆಗಳ ಲೆಕ್ಕವನ್ನು ವಂಶಪಾರಂಪರ್ಯವಾಗಿ ಬರೆದಿಡುತ್ತಿದ್ದವನನ್ನು ಈ ಭಾಗದಲ್ಲಿ ಕುಲಕರ್ಣಿ ಎನ್ನುತ್ತಿದ್ದುದರಿಂದ, ಯಂತ್ರಕ್ಕೆ ‘ಗಾಡಾಕುಲಕರ್ಣಿ’ ಎಂಬ ಹೆಸರೇ ಯುಕ್ತವೆಂದು ಒಂದು ಪಕ್ಷ ವಾದಿಸಬಹುದು. ಆದರೆ ಕನ್ನಡ ಕಾದಂಬರಿಯ ಪಿತಾಮಹರೆನಿಸಿದ, ಊರಿನ ಹೆಸರಿನಿಂದಲೇ ಗಳಗನಾಥರೆಂದು ಖ್ಯಾತರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಕುಲಕರ್ಣಿಯೂ ಆಗಿ ಲೇಖಕರೂ ಆಗಿದ್ದುದರಿಂದ, ಈ ಊರಿನ ಮಟ್ಟಿಗೆ ಲೆಕ್ಕಕ್ಕೂ ಕಥೆಗೂ ನಡುವಿನ ಗೆರೆ ಮೊದಲೇ ಅಳಿಸಿಹೋಗಿದೆ. ವಿವಾದವು ಬಗೆಹರಿಯದ ಕಾರಣ ಮುಂದೆ ಲಾಗರ್ ಎಂದೇ ಬಳಸಲಾಗುವುದು.

ಈ ಸೀಮೆಗೆ ದತ್ತಾಂಶ ದಾಖಲೆಯು ಹೊಸದೆಂಬ ಅಭಿಪ್ರಾಯ ತಪ್ಪು. ಕಾರಹುಣ್ಣಿಮೆಯ ಸಂಜೆ ಎತ್ತುಗಳನ್ನು ಓಡಿಸಿ ಕರಿ ಹರಿಯುವಾಗ, ಬಿಳಿ ಎತ್ತು ಮುಂದೆ ಬಂದರೆ ಹಿಂಗಾರು ಬೆಳೆಯೂ ಕೆಂದೆತ್ತು ಮುಂದೆ ಬಂದರೆ ಮುಂಗಾರು ಬೆಳೆಯೂ ಹುಲುಸಾಗುವುದೆಂದು ಓದಿಕೊಳ್ಳುವ ಪದ್ಧತಿಯು, ಗಣಕಶಾಸ್ತ್ರವು ಬಿಟ್ ಎಂದು ಕರೆಯುವ, ಅಂದರೆ ಎರಡೇ ಉತ್ತರಗಳಲ್ಲಿ ಒಂದನ್ನು ಮಾತ್ರ ಹೇಳಬಲ್ಲ, ಅತ್ಯಂತ ಚಿಕ್ಕ ಮಾಹಿತಿಯ ಘಟಕವಾಗಿದೆ. ಇದರ ದಾಖಲೆಯ ವೇಗವು ಸುಮಾರು 3 ಕೋಟಿ 15 ಲಕ್ಷ ಸೆಕೆಂಡಿಗೆ ಒಂದು ಸಲ ಎಂದಾಗುವುದರಿಂದ ಬ್ಯಾಟರಿಯ ಚಿಂತೆ ಇಲ್ಲ. ದೀಪಾವಳಿಯ ನಂತರದ ಕೊಬ್ಬರಿ ಹೋರಿ ಸ್ಪರ್ಧೆಯಲ್ಲಿ, ಝೂಲಾ ಹೊದ್ದು ಬಲೂನು ಕಟ್ಟಿಸಿಕೊಂಡ ಹೋರಿಯು ಜನರ ನಡುವೆ ನುಗ್ಗಿ ಹೋಗುವಾಗ ಹುಡುಗರು ಅದರ ಕೊರಳ ಕೊಬ್ಬರಿಯನ್ನು ಕಿತ್ತುಕೊಳ್ಳುವರಷ್ಟೆ. ಇಲ್ಲಿ ದಾಖಲೆಯು ಕೊರಳಲ್ಲೇ ಸಂಗ್ರಹವಾಗಿದ್ದು, ಓಟದ ಕೊನೆಗೆ ಎಷ್ಟು ಉಳಿಯಿತೆಂಬುದೇ ಫಲಿತಾಂಶವಾಗಿರುವುದರಿಂದ, ಇಂದು ದೊಡ್ಡ ಕಂಪನಿಗಳು ಅಂಜುವ ‘ದತ್ತಾಂಶ ಸೋರಿಕೆ’ಯನ್ನು ಆಟದ ನಿಯಮವನ್ನಾಗಿಯೇ ಮಾಡಿದ ಕೀರ್ತಿ ಹಾವೇರಿ ಜಿಲ್ಲೆಗೆ ಸಲ್ಲಬೇಕು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಗೊರವಯ್ಯನು ಬಿಲ್ಲನ್ನೇರಿ, ‘ಸದ್ದಲೇ’ ಎಂದು ನೆರೆದವರನ್ನು ಸುಮ್ಮನಾಗಿಸಿ, ಒಂದೇ ಸಾಲಿನ ಕಾರಣಿಕ ನುಡಿದು ಕೆಳಕ್ಕೆ ಧುಮುಕುವನು. ಆ ಒಂದು ಸಾಲಿನಿಂದ ಮಳೆ, ಬೆಳೆ, ರಾಜಕಾರಣಗಳ ವರದಿಯನ್ನು ಜನರು ವರ್ಷವಿಡೀ ಬಿಡಿಸುತ್ತಾರೆ. ಇಷ್ಟು ಕಡಿಮೆ ದತ್ತಾಂಶದಿಂದ ಇಷ್ಟು ಹೆಚ್ಚು ವಿಶ್ಲೇಷಣೆಯನ್ನು ಹೊರಡಿಸುವ ತಂತ್ರಾಂಶ ಮಾರುಕಟ್ಟೆಯಲ್ಲಿ ಲಭ್ಯವಿಲ್ಲ.

ಇನ್ನು ಆಯ್ಕೆಯ ಮೊದಲ ನಿಕಷವಾದ ಆವರ್ತನ. ಲಾಗರು ಒಂದು ಸೆಕೆಂಡಿನಲ್ಲಿ ಎಷ್ಟು ಸಲ ತನ್ನ ಸ್ಥಾನವನ್ನು ಬರೆದುಕೊಳ್ಳುವುದೋ ಆ ಸಂಖ್ಯೆಗೆ ಹರ್ಟ್ಜ್ ಎಂದು ಹೆಸರು. ಮೊಬೈಲ್ ಫೋನಿನ ಜಿಪಿಎಸ್ ಸಾಮಾನ್ಯವಾಗಿ 1 ಹರ್ಟ್ಜ್. ಇಟಲಿಯ ಏಮ್ ಸಂಸ್ಥೆಯ ಸೋಲೋ 2 ಮತ್ತು ಗಾರ್ಮಿನ್ ಕ್ಯಾಟಲಿಸ್ಟ್ 10 ಹರ್ಟ್ಜ್. ವಿಬಾಕ್ಸ್ ಸ್ಪೋರ್ಟ್ 20, ರೇಸ್‌ಬಾಕ್ಸ್ ಮಿನಿ 25. ಒಂದು ಜೋಡಿಯು ನಿಮಿಷಕ್ಕೆ 1,800 ಅಡಿ ಓಡಿತೆಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡರೆ, ಅದು ಸೆಕೆಂಡಿಗೆ 30 ಅಡಿ, ಗಂಟೆಗೆ ಸುಮಾರು 33 ಕಿಲೋಮೀಟರ್ ಆಗುತ್ತದೆ. ಆಗ ಫೋನು 30 ಅಡಿಗೊಮ್ಮೆ ಕಣ್ಣು ತೆರೆಯುವುದು. 10 ಹರ್ಟ್ಜಿನ ಯಂತ್ರವು 3 ಅಡಿಗೊಮ್ಮೆ, 25ರದು ಒಂದು ಕಾಲು ಅಡಿಗೂ ತುಸು ಕಡಿಮೆ ಅಂತರದಲ್ಲಿ. ಇಲ್ಲಿಗೆ ಅಂಗಡಿಯವನ ವಾದ ಮುಗಿಯುತ್ತದೆ, ಶಾಸ್ತ್ರದ ವಾದ ಮೊದಲಾಗುತ್ತದೆ. ಎಷ್ಟು ಸಲ ಬರೆಯಿತೆಂಬುದು ಬೇರೆ, ಬರೆದದ್ದು ಎಷ್ಟು ಸರಿಯೆಂಬುದು ಬೇರೆ. ಉಪಗ್ರಹಗಳಿಂದ ಬರುವ ಸಂಕೇತದ ಪ್ರಯಾಣಕಾಲವನ್ನು ಅಳೆದು ಸ್ಥಾನ ಕಂಡುಕೊಳ್ಳುವ ಈ ವಿಧಾನದಲ್ಲಿ, ಅಮೆರಿಕದ ಉಪಗ್ರಹಗಳನ್ನು ನೆಚ್ಚಿದರೂ, ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಕೇಂದ್ರವಿರುವ ನಮ್ಮದೇ ನಾವಿಕ್ ಅನ್ನು ನೆಚ್ಚಿದರೂ, ಸಾಮಾನ್ಯ ಗ್ರಾಹಕ ಯಂತ್ರಗಳಲ್ಲಿ ಕೆಲವು ಅಡಿಗಳಿಂದ ಹತ್ತು ಅಡಿಯವರೆಗೆ ಆಚೀಚೆ ಆಗುವುದು ಸಹಜ. ಸಂಕೇತದ ಆವರ್ತನ ಬದಲಾವಣೆಯಿಂದ, ಅಂದರೆ ಡಾಪ್ಲರ್ ಪರಿಣಾಮದಿಂದ, ಲೆಕ್ಕ ಹಾಕಿದ ವೇಗವು ಇದಕ್ಕಿಂತ ಬಹಳ ನಂಬಲರ್ಹ. ಆದರೆ ಅಖಾಡದಲ್ಲಿ ಬಹುಮಾನದ ಬೈಕು ವೇಗಕ್ಕಲ್ಲ, ಅಡಿಗೆ.

ಈ ಹತ್ತು ಅಡಿಯನ್ನು ಕಂಡು ನಗುವವರು ಸೀಟಿಯ ವಿಚಾರವನ್ನೂ ಮಾಡಬೇಕು. ನಿಮಿಷ ಮುಗಿಯಿತೆಂದು ಕಣ್ಣು ಕಂಡು, ಬಾಯಿ ಸೀಟಿ ಊದುವುದಕ್ಕೆ ಮನುಷ್ಯಮಾತ್ರನಿಗೆ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಎತ್ತು ಆರು ಅಡಿ ಮುಂದೆ. ಸೀಟಿಯವನು ಅದೇ ಗಳಿಗೆಯಲ್ಲಿ ಎಲೆಯಡಿಕೆ ಉಗುಳುತ್ತಿದ್ದರೆ ಅರ್ಧ ಸೆಕೆಂಡು, ಅಂದರೆ ಹದಿನೈದು ಅಡಿ. ಹೀಗೆ ಓಟದ ಕೊನೆಯ ಬಿಂದುವೇ ಆರರಿಂದ ಹದಿನೈದು ಅಡಿ ತೇಲಾಡುತ್ತಿರುವಾಗ, ಆ ಬಿಂದುವಿನವರೆಗಿನ ದೂರವನ್ನು ಟೇಪಿನಿಂದ ಇಂಚುಗಟ್ಟಲೆ ಅಳೆದು, ನಾಲ್ಕು ಇಂಚಿನಲ್ಲಿ ಸೋತವನೊಡನೆ ಮೂರು ತಾಸು ಜಗಳವಾಡುವುದು ನಡೆದು ಬಂದಿರುವ ಸಂಪ್ರದಾಯ. ಲಾಗರಿಗೆ ಅಖಾಡದಲ್ಲಿ ನಿಜವಾದ ಉಪಯೋಗವಿದ್ದರೆ ಅದು ದೂರ ಅಳೆಯುವುದರಲ್ಲಿ ಅಲ್ಲ, 60ನೆಯ ಸೆಕೆಂಡು ಯಾವಾಗ ಮುಗಿಯಿತೆಂದು ಹೇಳುವುದರಲ್ಲಿ. ಉಪಗ್ರಹಗಳು ಹೊತ್ತಿರುವ ಪರಮಾಣು ಗಡಿಯಾರಗಳ ಮುಂದೆ ಯಾವ ಊರಿನ ಸೀಟಿಯೂ ನಿಲ್ಲದು. ಇದನ್ನು ಅರಿತ ಯಾವ ಸಮಿತಿಯೂ ಸೀಟಿಯನ್ನು ಬಿಟ್ಟುಕೊಟ್ಟೀತೆಂದು ನಿರೀಕ್ಷಿಸಬಾರದು.

ರೂಪಭೇದದಿಂದ ಲಾಗರುಗಳು ಎರಡು ಬಗೆ. ಈ ವಿಂಗಡಣೆಯನ್ನು 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಯಿಂದ ನೇರವಾಗಿ ಎತ್ತಿಕೊಳ್ಳಬಹುದಾಗಿದ್ದು, ಅದರಲ್ಲಿ ಡಬ್ಬಿ ಎಂಬ ಗುಂಡು ಜಾತಿಯೂ ಕಡ್ಡಿ ಎಂಬ ಉದ್ದ ಜಾತಿಯೂ ಇರುವಂತೆ, ಲಾಗರಿನಲ್ಲಿ ತನ್ನಷ್ಟಕ್ಕೆ ನಿಲ್ಲುವ ಡಬ್ಬಿಯೂ, ಕಾರಿನ ಸ್ಟೀರಿಂಗಿನ ಕೆಳಗಿನ ಓಬಿಡಿ ಕಿಂಡಿಗೆ ಚುಚ್ಚುವ ಕಡ್ಡಿಯೂ ಇವೆ. ಕಡ್ಡಿಯು ಎಂಜಿನ್ನಿನ ಸುತ್ತುಗಳು, ಆಕ್ಸಲರೇಟರ್ ಎಷ್ಟು ಒತ್ತಿದೆ ಎಂಬುದು ಮುಂತಾದ ಒಳಗುಟ್ಟುಗಳನ್ನು ಕಾರಿನಿಂದಲೇ ಕೇಳಿ ತಿಳಿಯುತ್ತದೆ. ಎತ್ತಿಗೆ ಅಂಥ ಕಿಂಡಿ ಇಲ್ಲ. ಇರುವುದು ಮೂಗುದಾರ, ಮತ್ತು ಅದು ಆಜ್ಞೆಯನ್ನು ಒಯ್ಯುವ, ಉತ್ತರವನ್ನು ತಾರದ ಏಕಮುಖ ಮಾರ್ಗ. ಆದುದರಿಂದ ಡಬ್ಬಿಯೇ ಗತಿ. ಡಬ್ಬಿಗಳಲ್ಲಿಯೂ ದೊಡ್ಡ ಬಣ್ಣದ ಪರದೆ ಉಳ್ಳವು ಪರಮ ಬ್ಯಾಡಗಿ ಗುಣದವು, ಎಂದರೆ ಬಣ್ಣ ಬಹಳ, ಖಾರ ಕಡಿಮೆ. ಹಿಂದಿನ ಶ್ರೇಷ್ಠ ಓಟಕ್ಕಿಂತ ಈಗ ಎಷ್ಟು ಮುಂದೆ, ಎಷ್ಟು ಹಿಂದೆ ಎಂದು ಪರದೆಯು ಹಸಿರು, ಕೆಂಪುಗಳಲ್ಲಿ ತೋರಿಸುವಾಗ, ಗಾಡಾ ಹೊಡೆಯುವವನ ಒಂದು ಕೈ ಹಗ್ಗದಲ್ಲಿ, ಇನ್ನೊಂದು ಬಾರಕೋಲಿನಲ್ಲಿ, ಕಣ್ಣು ಎತ್ತಿನ ಬೆನ್ನಿನಲ್ಲಿ ಇರುತ್ತದೆ. ಪರದೆಯನ್ನು ಎತ್ತಿನ ಕಡೆಗೆ ತಿರುಗಿಸಿ ಕಟ್ಟಿದರೂ ಪ್ರಯೋಜನವಿಲ್ಲ.

ಎಲ್ಲಿ ಕಟ್ಟಬೇಕೆಂಬುದು ಸೂಕ್ಷ್ಮ ಪ್ರಶ್ನೆ. ಹೊಸ ಯಂತ್ರವನ್ನು ಗಳಗೇಶ್ವರ ಗುಡಿಯ ಒಳಗಿಟ್ಟು ಪೂಜೆ ಮಾಡಿಸುವುದು ಆಚಾರದ ದೃಷ್ಟಿಯಿಂದ ಸರಿಯಾದರೂ, ಬುಡವು ಪಿರಮಿಡ್ಡಿನಂತೆ ಹರಡಿಕೊಂಡಿರುವ ಆ ಚಾಲುಕ್ಯಕಾಲದ ಕಲ್ಲುಕಟ್ಟಡದೊಳಗೆ ಉಪಗ್ರಹ ದರ್ಶನವಾಗದೆ, ಹೊರಬಂದ ಮೇಲೆ ಯಂತ್ರವು ಆಕಾಶವನ್ನು ಗುರುತಿಸಿಕೊಳ್ಳಲು ಅರ್ಧ ನಿಮಿಷವನ್ನಾದರೂ ತೆಗೆದುಕೊಳ್ಳುತ್ತದೆ. ಓಟವಿರುವುದು ಒಂದೇ ನಿಮಿಷ. ನೊಗಕ್ಕೆ ಕಟ್ಟಿದರೆ ಎಡಬಲದ ಎತ್ತುಗಳ ಹೆಗಲ ಹೊಯ್ದಾಟ ಬರುತ್ತದೆ. ಅಚ್ಚಿನ ಬಳಿ ಕಟ್ಟಿದರೆ, ಕಮಾನಿಲ್ಲದ ಗಾಡಾದ ಮೇಲೆ ವೇಗೋತ್ಕರ್ಷಮಾಪಕವು, ಎಂದರೆ ವೇಗದ ಏರಿಳಿತವನ್ನು ಅಳೆಯುವ ಅಂಗವು, ಎತ್ತನ್ನು ಬಿಟ್ಟು ಹೊಲದ ಹೆಂಟೆಗಳನ್ನೇ ದಾಖಲಿಸುತ್ತದೆ. ಎತ್ತಿನ ಬೆನ್ನಿಗೇ ಕಟ್ಟುವುದು ಶಾಸ್ತ್ರೋಕ್ತ. ಆದರೆ ಅಲ್ಲಿ ಅದು ಪ್ರತಿಯೊಂದು ಬಾರಕೋಲಿನ ಪೆಟ್ಟನ್ನೂ, ಎಷ್ಟನೆಯ ಸೆಕೆಂಡಿನಲ್ಲಿ, ಎಷ್ಟು ಜೋರಾಗಿ ಎಂಬ ವಿವರಗಳೊಡನೆ ಬರೆದಿಡಬಲ್ಲದು. ಎತ್ತಿಗೆ ಅನಗತ್ಯ ನೋವಾಗಬಾರದೆಂಬ ಷರತ್ತಿನ ಮೇಲೆ ಅನುಮತಿ ಪಡೆದ ಕ್ರೀಡೆಯಲ್ಲಿ ಇದಕ್ಕಿಂತ ಉಪಯುಕ್ತವಾದ ದತ್ತಾಂಶ ಇನ್ನೊಂದಿಲ್ಲವಾದ್ದರಿಂದಲೇ, ಬೆನ್ನಿಗೆ ಕಟ್ಟುವ ಪಕ್ಷಕ್ಕೆ ಅನುಯಾಯಿಗಳು ದೊರೆಯುವುದು ಕಷ್ಟ.

ಪರದೇಶದ ಯಂತ್ರವಿಲ್ಲದೆ ಕರಾವಳಿಯವರು ಜಗತ್ಪ್ರಸಿದ್ಧಿ ಪಡೆಯಲಿಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರವಿದು: 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದರು. ಅಲ್ಲಿಯವರೆಗೆ ಅದು ಅಳತೆ. ಮರುದಿನಗಳಲ್ಲಿ ತ್ರೈರಾಶಿ ಬಲ್ಲವರು ಅದನ್ನು 100 ಮೀಟರಿಗೆ 9.55 ಎಂದು ಇಳಿಸಿ, 2009ರ ಬರ್ಲಿನ್ನಿನ ಉಸೇನ್ ಬೋಲ್ಟರ 9.58ರ ಪಕ್ಕದಲ್ಲಿಟ್ಟರು. ಬೋಲ್ಟರನ್ನು ಯಾವ ಕೋಣವೂ ಎಳೆಯುತ್ತಿರಲಿಲ್ಲವೆಂಬುದು ತ್ರೈರಾಶಿಗೆ ತಿಳಿಯುವ ವಿಷಯವಲ್ಲ. ನಿಂತಲ್ಲಿಂದ ಹೊರಟವನಿಗೆ ಮೊದಲ ಹೆಜ್ಜೆಗಳೇ ದುಬಾರಿ; ಬೋಲ್ಟರು 60ರಿಂದ 80 ಮೀಟರಿನವರೆಗಿನ 20 ಮೀಟರನ್ನು ಓಡಿದ್ದು 1.61 ಸೆಕೆಂಡಿನಲ್ಲಿ. ಸರಾಸರಿಯು ಮುಚ್ಚಿಡುವ ಈ ಒಳಭೇದವನ್ನು ತೆರೆದು ತೋರಿಸುವುದೇ ಲಾಗರಿನ ಧರ್ಮ. ಗಾಡಾದವರಿಗೂ ಬೇಕಾದದ್ದು ಅದೇ: ಮೊದಲ ಹತ್ತು ಸೆಕೆಂಡಿನಲ್ಲಿ ಜೋಡಿ ಕೂಡಿ ಎದ್ದಿತೇ, ನಲವತ್ತರ ಮೇಲೆ ಬಲಗಡೆಯ ಎತ್ತು ಸೋಲತೊಡಗಿತೇ ಎಂಬುದು. ಇದಕ್ಕೆ 10 ಹರ್ಟ್ಜ್ ಧಾರಾಳ ಸಾಕು.

ಸಾಕೆಂದ ಮೇಲೂ ಒಂದು ತೊಡಕು ಉಳಿಯುತ್ತದೆ. ಲಾಗರಿನ ತಂತ್ರಾಂಶಗಳು ‘ಸೈದ್ಧಾಂತಿಕ ಶ್ರೇಷ್ಠ ಸುತ್ತು’ ಎಂಬುದೊಂದನ್ನು ಲೆಕ್ಕ ಹಾಕುತ್ತವೆ. ಬೇರೆ ಬೇರೆ ಸುತ್ತುಗಳ ಉತ್ತಮ ತುಂಡುಗಳನ್ನು ಜೋಡಿಸಿ, ಎಂದೂ ನಡೆಯದ ಒಂದು ಅತ್ಯುತ್ತಮ ಓಟವನ್ನು ಕಟ್ಟುವುದು ಇದರ ಕೆಲಸ. ರಾಣೆಬೆನ್ನೂರಿನ ಮಂಡಕ್ಕಿ ಮಿರ್ಚಿಯ ಅಂಗಡಿಗಳಲ್ಲಿ ಈ ಲೆಕ್ಕವನ್ನು ಸೋತವರು ಬಹು ಹಿಂದಿನಿಂದ ಬಾಯಲ್ಲೇ ಮಾಡುತ್ತಿದ್ದು, ಬಿಸಿಲು, ಹೆಂಟೆ, ಸೀಟಿ, ಎದುರು ಬಂದ ನಾಯಿ ಇವನ್ನು ಕಳೆದರೆ ಗೆದ್ದವನಿಗಿಂತ ನೂರಡಿ ಮುಂದಿರುತ್ತಿದ್ದರು. ಯಂತ್ರವು ಬಂದೊಡನೆ ನಾಯಿ ಬಂದ ಸೆಕೆಂಡು ಯಾವುದೆಂದು ತೋರಿಸಬೇಕಾಗುತ್ತದೆ. ಆದಕಾರಣ ಬ್ಯಾಟರಿಯು ಬೇಕಾದಾಗ ಮುಗಿಯುವಂತಿರುವ ಮಾದರಿಗೇ ಈ ಭಾಗದಲ್ಲಿ ಹೆಚ್ಚು ಬೇಡಿಕೆ ಬರುವ ಸಂಭವವಿದೆ.

ಕಡೆಯದಾಗಿ, ಲಾಗರು 1,806 ಎಂದು, ಟೇಪು 1,800 ಎಂದು ಹೇಳಿದಲ್ಲಿ ಟೇಪಿನ ಮಾತೇ ನಡೆಯತಕ್ಕದ್ದು. ಏಕೆಂದರೆ ಟೇಪಿನ ಒಂದು ತುದಿಯನ್ನು ಒಂದು ಊರಿನವನೂ ಇನ್ನೊಂದು ತುದಿಯನ್ನು ಎದುರು ಊರಿನವನೂ ಹಿಡಿಯಬಹುದಾಗಿದೆ, ಉಪಗ್ರಹದಲ್ಲಿ ಆ ಸೌಕರ್ಯವಿಲ್ಲ. ನೂರಡಿಯ ಟೇಪಾದರೆ ಅದನ್ನು ಹದಿನೆಂಟು ಸಲ ಹಾಸಬೇಕಾಗುವುದು. ಈಗ ಹಾಸಿದ್ದು ಹದಿನೇಳನೆಯದೋ ಹದಿನೆಂಟನೆಯದೋ ಎಂಬಲ್ಲಿ ಉಂಟಾಗುವ ಭಿನ್ನಾಭಿಪ್ರಾಯವನ್ನು ಎರಡನೆಯ ಸಂಪುಟದಲ್ಲಿ ಪ್ರತ್ಯೇಕವಾಗಿ ವಿಚಾರಿಸಲಾಗುವುದು.