ಕೆಳಗೆ ಇದೆ, ಎಳೆದು ನೋಡಿ

ಒಮ್ಮೆ ಬರೆಯಿರಿ, ಎಲ್ಲಿ ಬೇಕಾದರೂ ಓಡಿಸಿ. ಜಾವಾ ಕೊಟ್ಟ ಮಾತು ಇದು. ಪರದೆ ದೊಡ್ಡದಿರಲಿ, ಸಣ್ಣದಿರಲಿ, ಬಟನ್ ಎಲ್ಲಿ ಕೂರಬೇಕೆಂಬ ಚಿಂತೆ ನಿಮಗೆ ಬೇಡ, ಲೇಔಟ್ ಮ್ಯಾನೇಜರ್ ಇದ್ದಾನೆ ಎಂದರು.

ಇದ್ದಾನೆ. ಕೆಲಸ ನಮ್ಮದು, ಹುದ್ದೆ ಅವನದು.

ಗ್ರಿಡ್‌ಬ್ಯಾಗ್ ಎಂಬ ಮಹಾಶಯನನ್ನೇ ನೋಡಿ. ಒಂದು ಬಟನ್ ಕೂರಿಸಲು 11 ಅಂಶಗಳ ಅರ್ಜಿ ತುಂಬಿಸಿಕೊಳ್ಳುತ್ತಾನೆ. ಯಾವ ಸಾಲು, ಯಾವ ಕಾಲಂ, ತೂಕ ಎಷ್ಟು, ಯಾವ ಮೂಲೆ, ಸುತ್ತ ಎಷ್ಟು ಜಾಗ. ತೂಕ ಬರೆಯದಿದ್ದರೆ ಅದು ಸೊನ್ನೆ. ಆಗ ಇಡೀ ವಿಂಡೋ ಬಯಲಾಗಿ ಬಿದ್ದಿದ್ದರೂ ಬಟನ್‌ಗಳೆಲ್ಲ ನಟ್ಟನಡುವೆ ಮುದುಡಿ ಕೂರುತ್ತವೆ. ವಿಂಡೋ ಚೂರು ಕಿರಿದಾಯಿತೋ, ಟೆಕ್ಸ್ಟ್ ಬಾಕ್ಸ್ ಸೀದಾ ಕನಿಷ್ಠ ಅಳತೆಗೆ ಕುಸಿಯುತ್ತದೆ. ನಡುವಿನ ದಾರಿ ಈ ಮ್ಯಾನೇಜರ್‌ಗೆ ಗೊತ್ತೇ ಇಲ್ಲ.

ಜಾಗ ಸಾಲದಿದ್ದರೆ ಸ್ಕ್ರಾಲ್ ಪೇನ್ ಒಳಗೆ ಹಾಕಿ ಎನ್ನುತ್ತಾರೆ ಜಾಣರು. ಹಾಕುತ್ತೇವೆ. ಸ್ಕ್ರಾಲ್ ಬಾರ್ ಬರುವುದಿಲ್ಲ.

ಏಕೆ ಬರಬೇಕು? ಒಳಗೆ ಏನಿದೆ ಎಂದು ಸ್ಕ್ರಾಲ್ ಪೇನ್ ಇಣುಕಿ ನೋಡುವುದಿಲ್ಲ. ನಿನಗೆಷ್ಟು ಜಾಗ ಬೇಕು ಎಂದು ಒಳಗಿನ ಪ್ಯಾನೆಲ್ಲನ್ನು ಕೇಳುತ್ತದೆ, ಹೇಳಿದ್ದನ್ನು ನಂಬುತ್ತದೆ. ಸ್ವಯಂ ಘೋಷಣೆ. ಸ್ಥಳ ಪರಿಶೀಲನೆ ಇಲ್ಲ. ಆ ಪ್ಯಾನೆಲ್ಲಿಗೋ ಯಾರೋ ಪುಣ್ಯಾತ್ಮ 400ಕ್ಕೆ 300 ಎಂದು ಪ್ರಿಫರ್ಡ್ ಸೈಜ್ ಬರೆದು ಹೋಗಿರುತ್ತಾನೆ. ಆಮೇಲೆ ನೂರು ಸಾಲು ಸೇರಿಸಿ, ಅದು 300 ಎಂದೇ ಪಟ್ಟು ಹಿಡಿಯುತ್ತದೆ. ಮಿಕ್ಕ ಸಾಲುಗಳು ಇವೆ. ದರ್ಶನ ಇಲ್ಲ.

ಅಳತೆ ಬರೆದಿಡುವುದು ಮಹಾಪಾಪ ಎಂದು ಕಿರಿಯರಿಗೆ ಪಾಠ ಹೇಳುವವರೂ ಆ ಜಾಣರೇ. ಗುರುಗಳ ಕೋಡ್ ತೆರೆದು ನೋಡಿ. ಪುಟಕ್ಕೆ ನಾಲ್ಕು ಅಳತೆ. ಗಡುವು ಹತ್ತಿರವಿದ್ದ ಪುಟಗಳಲ್ಲಿ ಮ್ಯಾನೇಜರನ್ನೇ ಕಿತ್ತುಹಾಕಿ, ನಲ್ ಎಂದು ಬರೆದು, ಒಂದೊಂದು ಬಟನ್ನಿಗೂ ಕೈಯಾರೆ ಮೊಳೆ ಹೊಡೆದಿದ್ದಾರೆ.

ಅಂತೂ ಸ್ಕ್ರಾಲ್ ಬಾರ್ ಬಂತು ಅನ್ನಿ. ಮೌಸಿನ ಚಕ್ರ ತಿರುಗಿಸಿ. ಸಾದಾ ಪ್ಯಾನೆಲ್ ಆದರೆ ಜಾವಾದ ಸ್ವಿಂಗ್ ಟೂಲ್‌ಕಿಟ್‌ನಲ್ಲಿ ಸ್ಕ್ರಾಲಿನ ಒಂದು ಹೆಜ್ಜೆ ಎಂದರೆ 1 ಪಿಕ್ಸೆಲ್. ಹೌದು, ಒಂದೇ. ಬೆರಳು ಸವೆಯುತ್ತದೆ, ಪುಟ ಅಲ್ಲೇ ಇರುತ್ತದೆ. ಇದನ್ನು 16 ಮಾಡಲು ಒಂದು ಸಾಲು ಕೋಡ್ ಸಾಕು. ಆ ಒಂದು ಸಾಲಿಗೆ ಸೋಮಾರಿತನ. ಜಾಹೀರಾತಿನಲ್ಲಿ ಮಾತ್ರ 'ಬಳಕೆದಾರ ಸ್ನೇಹಿ'.

ಸ್ಕ್ರಾಲಿನೊಳಗೆ ಇನ್ನೊಂದು ಸ್ಕ್ರಾಲ್ ಇಟ್ಟರಂತೂ ಮುಗಿಯಿತು. ಒಳಗಿನದು ಚಕ್ರವನ್ನು ಕಸಿದುಕೊಳ್ಳುತ್ತದೆ. ತಾನು ತಳ ಮುಟ್ಟಿದರೂ ಹೊರಗಿನದಕ್ಕೆ ಬಿಟ್ಟುಕೊಡುವುದಿಲ್ಲ.

ಬೇರೆ ಊರಿಗೆ ಹೋಗೋಣವೇ? ಟಿಕೆ ಎಂಬ ಟೂಲ್‌ಕಿಟ್‌ನಲ್ಲಿ ಫ್ರೇಮ್ ಸ್ಕ್ರಾಲ್ ಆಗುವುದೇ ಇಲ್ಲ. ಕ್ಯಾನ್ವಾಸ್ ತಂದು, ಅದರೊಳಗೆ ಫ್ರೇಮ್ ತೂರಿಸಿ, ಅಳತೆ ಬದಲಾದಾಗಲೆಲ್ಲ ನಾವೇ ತಿಳಿಸಬೇಕು. ಅಲ್ಲಿನ ಪ್ಯಾಕ್ ಮತ್ತು ಗ್ರಿಡ್ ಎಂಬ ಇಬ್ಬರನ್ನು ಒಂದೇ ಡಬ್ಬಿಗೆ ಹಾಕಿದರೆ ಹಳೆಯ ಆವೃತ್ತಿಗಳಲ್ಲಿ ಬದುವಿಗೆ ಬಡಿದಾಡುವ ಅಣ್ಣತಮ್ಮಂದಿರ ಹಾಗೆ ಮುಗಿಯದ ಜಗಳ. ಪ್ರೋಗ್ರಾಂ ಅಲ್ಲೇ ಸ್ತಬ್ಧ. 8.6ರ ಹೊತ್ತಿಗೆ ಬುದ್ಧಿ ಬಂದು ದೋಷ ಸಂದೇಶ ಕೊಡತೊಡಗಿತು. ಕ್ಯೂಟಿ ಎಂಬ ಇನ್ನೊಂದು ಟೂಲ್‌ಕಿಟ್‌ನ ಸ್ಕ್ರಾಲ್ ಏರಿಯಾ ಒಳಗಿನದನ್ನು ಹಿಗ್ಗಿಸಬಲ್ಲದು. ಆದರೆ ಆ ಸೌಲಭ್ಯ ಆಫ್ ಆಗಿಯೇ ಬರುತ್ತದೆ. ದಾನ ಕೊಟ್ಟು ಬೀಗದ ಕೈ ಇಟ್ಟುಕೊಂಡ ಧಾರಾಳತನ.

ಇನ್ನು ಸೌಂದರ್ಯೋಪಾಸಕರು. 2011ರಲ್ಲಿ ಆಪಲ್ ತನ್ನ ಲಯನ್ ಆವೃತ್ತಿಯಲ್ಲಿ ಸ್ಕ್ರಾಲ್ ಬಾರ್‌ಗಳನ್ನು ಮರೆಮಾಡಿತು. ಕೆಳಗೆ ಇನ್ನೂ ಇದೆ ಎಂದು ಹೇಳಲೆಂದೇ ಇದ್ದ ಪಟ್ಟಿ ಈಗ ಕೆಳಗೆ ಎಳೆದರೆ ಮಾತ್ರ ಕಾಣುತ್ತದೆ. ಇದಕ್ಕೆ ಸರಳತೆ ಎಂದು ಹೆಸರು.

ಕನ್ನಡದ ಗತಿ ಕೇಳಬೇಡಿ. ಸ್ವಿಂಗ್‌ನ ಟೇಬಲ್ಲಿನಲ್ಲಿ ಸಾಲಿನ ಎತ್ತರ, ನಾವು ಬದಲಿಸದಿದ್ದರೆ, 16 ಪಿಕ್ಸೆಲ್. ಇಂಗ್ಲಿಷಿಗೆ ಧಾರಾಳ. ನಮ್ಮ ಒತ್ತಕ್ಷರ ಕೆಳಗಿಳಿಯುತ್ತಲೇ ಸೊಂಟದವರೆಗೆ ಕತ್ತರಿ. 'ಕನ್ನಡ ಬೆಂಬಲವಿದೆ' ಎಂಬ ಸಾಲಂತೂ ಕರಪತ್ರದಲ್ಲಿ ಪೂರ್ತಿ ಕಾಣುತ್ತದೆ.

ತಯಾರಿಸುವವನ ಮುಂದೆ ಗೋಡೆಯಗಲದ ಮಾನಿಟರ್. ಒಪ್ಪಿಗೆ ಕೊಡುವ ಸಾಹೇಬರ ಮುಂದೆ ಇನ್ನೂ ದೊಡ್ಡದು. ಎಲ್ಲ ಚೆಂದ ಕಾಣುತ್ತದೆ, ಬಿಲ್ ಪಾಸಾಗುತ್ತದೆ. ಕೌಂಟರಿನ ಗುಮಾಸ್ತೆಗೆ ಸಿಗುವುದು ಗೋದಾಮಿನಿಂದ ತಂದ ಸಣ್ಣ ಪರದೆ. 'ಸೇವ್' ಬಟನ್ ಅದರ ಅಂಚಿನಿಂದ ಕೆಳಗೆ ಎಲ್ಲೋ ಇದೆ. ಅವರು ದೂರು ಕೊಡುವುದಿಲ್ಲ. ದಿನಾಂಕ ತುಂಬಿ, ಎರಡು ಸಲ ಟ್ಯಾಬ್ ಒತ್ತಿ, ಕಾಣದ ಬಟನ್ನಿಗೆ ಸ್ಪೇಸ್ ಬಾರ್ ಕುಟ್ಟುತ್ತಾರೆ. ಕೆಲಸ ಆಗುತ್ತದೆ.

ಮುಂದಿನ ಆವೃತ್ತಿಯ ಕೈಪಿಡಿಯಲ್ಲಿ ಇದನ್ನೇ ಸೇರಿಸುತ್ತಾರೆ, 'ಕೀಬೋರ್ಡ್ ಸೌಲಭ್ಯಗಳು' ಎಂಬ ಅಧ್ಯಾಯದಲ್ಲಿ.